ಆಚೆ ದಂಡೆಯ ಹಕ್ಕಿ

ಎಲಾದಿಯೋ ಸೊಂಟದ ಮಟ್ಟಕ್ಕೆ ಗುಂಡಿಯೊಳಗೆ ಇಳಿದಿದ್ದ. ಹೆಂಡತಿಯ ಗುಂಡಿಯನ್ನು ಗಂಡ ತೋಡುವುದು ಎಲ್ಲಾದರೂ ಉಂಟೇ ಎಂದು ಊರವರು ಹೇಳಿ ಹೇಳಿ ಸುಸ್ತಾಗಿದ್ದರು. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಪಕ್ಕದಲ್ಲಿ ತನಗೊಂದು ಜಾಗವನ್ನೂ ಅಳೆದು ಬಿಟ್ಟುಕೊಂಡಿದ್ದ.

ಸ್ಮಶಾನದ ಬೇಲಿ ಪಕ್ಕ ಲಾರಿಯೊಂದು ಬಂದು ನಿಂತಿತು. ಇಳಿದವನು ಹೆಂಡತಿ ಎರ್ಮೆಲಿಂಡಾಳ ತಮ್ಮ ಅನತೋಲಿಯೋ. ಮರಾನ್ಯೋನ್ ನದಿಯ ಆಚೆ ದಂಡೆಯ ಬೆಟ್ಟದಿಂದ ಬಂದಿದ್ದ. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

"ಭಾವ, ತೋಡೋದು ನಿಲ್ಸಿ. ಅಕ್ಕನ್ನ ನಮ್ಮೂರಿಗೆ ಕರ್ಕೊಂಡ್ ಹೋಗ್ತೀನಿ."

"ನಿಂಗೇನ್ ತಲೆ ಕೆಟ್ಟಿದ್ಯಾ?"

"ಅವಳೇ ಫೋನ್ ಮಾಡಿ ಹೇಳಿದ್ಲು ಭಾವ. ಸತ್ತಮೇಲಾದ್ರೂ ನಮ್ಮ ಹಕ್ಕಿ ಕೂಗೋ ಕಡೆ ಮಲಗ್ಸೋ ಅಂದ್ಲು."

ಎಲಾದಿಯೋನ ಅಕ್ಕ ಫಿಲೋಮೆನಾ ದವಡೆಯಲ್ಲಿದ್ದ ಕೋಕಾ ಎಲೆಯನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿದಳು. "ಹಕ್ಕಿಯಂತೆ ಹಕ್ಕಿ! ಆ ಗಿಡ್ಡಹಕ್ಕಿ ಇಲ್ಲೂ ಇದೆಯಲ್ಲಪ್ಪ. ಅದೇ ಕಂದು ಬಣ್ಣ, ಅದೇ ಮೋಟು ಬಾಲ."

"ಅದೇ ಅಲ್ಲ ಅತ್ತಿಗೆ," ಎಂದ ಅನತೋಲಿಯೋ.

ಅದೇ ಅಲ್ಲ ಎಂದು ಎಲಾದಿಯೋನಿಗೂ ಗೊತ್ತಿತ್ತು.

*

ಮದುವೆಯಾಗಿ ಬಂದ ಮೊದಲ ಬೆಳಗ್ಗೆಯೇ ಎರ್ಮೆಲಿಂಡಾ ಕಾಡಿನ ಕಡೆ ಕಿವಿಗೊಟ್ಟು ಕೇಳಿದ್ದಳು. "ಅದ್ಯಾವ ಹಕ್ಕಿ?"

"ನಿಮ್ಮ ಕಡೇದೇ ಕಣೇ. ಗಿಡ್ಡಹಕ್ಕಿ."

"ಸುಳ್ಳು. ನಮ್ಮದು ಹೀಗಾ ಕೂಗೋದು?" ಎಂದು ತುಟಿ ಮುಂದೆ ಮಾಡಿ ಸಿಳ್ಳೆ ಹಾಕಿದಳು: ಒಂದು ಉದ್ದನೆಯ ಸ್ವರ, ಆಮೇಲೆ ನಡುಗುತ್ತ ಕೆಳಗಿಳಿಯುವ ದನಿ. ಈಚೆಯದು ಎರಡೇ ಗಿಡ್ಡ ಸ್ವರ ಕೂಗಿ ಸುಮ್ಮನಾಗುತ್ತಿತ್ತು. ಅವನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ.

ಅಂದಿನಿಂದ ಅದೊಂದು ಆಟವಾಯಿತು. ಹೊಲದಿಂದ ಬರುವಾಗ ಅವನು ತಿರುವಿನಲ್ಲಿ ನಿಂತು ಈಚೆ ಹಕ್ಕಿಯ ಹಾಗೆ ಸಿಳ್ಳೆ ಹಾಕಬೇಕು, ಒಳಗಿನಿಂದ ಅವಳು ಆಚೆಯದರ ಹಾಗೆ ಉತ್ತರ ಕೊಡಬೇಕು. ಆಮೇಲೆಯೇ ಬಾಗಿಲು ತೆರೆಯುತ್ತಿದ್ದುದು. ಜಗಳವಾಡಿದ ದಿನವೂ ಅದು ತಪ್ಪಲಿಲ್ಲ. ತಲೆ ಹಣ್ಣಾದ ಮೇಲೂ ತಪ್ಪಲಿಲ್ಲ.

*

ಲಿಮಾದಿಂದ ಹಕ್ಕಿಗಳ ಅಧ್ಯಯನಕ್ಕೆಂದು ಒಬ್ಬ ಡಾಕ್ಟರಮ್ಮ ಬಂದಾಗ ಅವರ ಸಾಮಾನು ಹೊತ್ತವನು ಎಲಾದಿಯೋ. ಅಡುಗೆಗೆ ಎರ್ಮೆಲಿಂಡಾ ಹೋಗಿದ್ದಳು. ಡಾಕ್ಟರಮ್ಮ ಬಿದಿರು ಮೆಳೆಯ ಹತ್ತಿರ ಸಣ್ಣ ಸ್ಪೀಕರ್ ಇಟ್ಟು ಆಚೆ ದಂಡೆಯ ಹಕ್ಕಿಯ ಕೂಗು ಹಾಕಿದರು. ಅಲ್ಲೇ ಮಾರುದ್ದ ದೂರದಲ್ಲಿ ಗಿಡ್ಡಹಕ್ಕಿ ಹುಳು ಹೆಕ್ಕುತ್ತಿತ್ತು. ತಲೆ ಕೂಡ ಎತ್ತಲಿಲ್ಲ. ಈಚೆಯ ಕೂಗು ಹಾಕಿದ್ದೇ ತಡ, ಗರಿ ಉಬ್ಬಿಸಿಕೊಂಡು ಓಡಿ ಬಂತು.

"ಕೆಳಗಿನ ಬಿಸಿ ಕಣಿವೇನ ಇವು ದಾಟೋದಿಲ್ಲ," ಎಂದರು ಡಾಕ್ಟರಮ್ಮ. "ಯುಗಯುಗಗಳಿಂದ ಆಚೇದು ಆಚೆ, ಈಚೇದು ಈಚೆ. ಬಣ್ಣ ನೋಡಿ ಪುಸ್ತಕದಲ್ಲಿ ಒಂದೇ ಜಾತಿ ಅಂತ ಸೇರಿಸಿಬಿಟ್ಟಿದ್ದಾರೆ. ಇನ್ನು ಬೇರೆ ಬೇರೆ ಮಾಡ್ಬೇಕು."

ಎರ್ಮೆಲಿಂಡಾ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. "ಅಷ್ಟು ಹತ್ರ ಕರೆದ್ರೂ ಅದಕ್ಕೆ ಗೊತ್ತೇ ಆಗ್ಲಿಲ್ವಲ್ಲೋ."

"ನಿನ್ನ ಹಕ್ಕಿ ಮಾತು ಇಲ್ಲಿ ಯಾರಿಗೂ ತಿಳಿಯಲ್ಲ ಕಣೇ," ಎಂದು ಅವನು ರೇಗಿಸಿದ.

"ನಿಂಗೆ ತಿಳಿಯುತ್ತಲ್ಲ, ಬಿಡು." ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಳ್ಳುತ್ತ ಕೇಳಿದಳು. "ಒಂದ್ಸಲ ಆಚೆಗೆ ಕರ್ಕೊಂಡ್ ಹೋಗೋ. ಅದ್ರ ಕೂಗು ಕೇಳ್ಕೊಂಡ್ ಬಂದ್ಬಿಡೋಣ."

"ಆಲೂಗಡ್ಡೆ ಕಿತ್ತಾಗ್ಲಿ."

ಎಷ್ಟೋ ಸಲ ಆಲೂಗಡ್ಡೆ ಕಿತ್ತರು. ಅಲ್ಲಿಗೆ ಹೋದರೆ ಇವಳು ವಾಪಸ್ ಬರುವುದಿಲ್ಲವೇನೋ ಎಂಬ ಭಯ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

*

ಎಲಾದಿಯೋ ಗುಂಡಿಯಿಂದ ಮೇಲೆ ಹತ್ತಿ ಸಲಿಕೆಯ ಮಣ್ಣು ಕೊಡವಿದ.

"ಲಾರಿ ತಿರುಗ್ಸು," ಎಂದ.

"ಲೋ, ತೋಡಿದ ಗುಂಡಿ ಹಾಗೇ ಬಾಯ್ಬಿಟ್ಕೊಂಡು ಇರುತ್ತಲ್ಲೋ!" ಫಿಲೋಮೆನಾ ಗಾಬರಿಯಾದಳು.

"ಇರ್ಲಿ ಬಿಡಕ್ಕ. ನಂಗಾಗುತ್ತೆ."

ಹೆಣದ ಪೆಟ್ಟಿಗೆ ಏರಿಸಿಕೊಂಡು ಲಾರಿ ಕಣಿವೆಗೆ ಇಳಿಯಿತು. ಮಾವಿನ ಮರಗಳ ಸೆಕೆಯಲ್ಲಿ ಸೇತುವೆ ದಾಟಿ, ಮತ್ತೆ ಮಂಜಿಗೆ ಹತ್ತಿತು. ದಾರಿಯುದ್ದಕ್ಕೂ ಎಲಾದಿಯೋ ಪೆಟ್ಟಿಗೆ ಅಲುಗದಂತೆ ತಬ್ಬಿಕೊಂಡು ಕೂತಿದ್ದ. ಕೊನೆಗೂ ಕರೆದುಕೊಂಡು ಹೊರಟಿದ್ದೇನೆ ನೋಡೇ ಎಂದು ಒಂದೆರಡು ಸಲ ಅಂದದ್ದು ಅನತೋಲಿಯೋನ ಕಿವಿಗೂ ಬಿತ್ತು.

ಆಚೆ ದಂಡೆಯ ಸ್ಮಶಾನ ಕಾಡಿನ ಅಂಚಿನಲ್ಲೇ ಇತ್ತು. ಮಣ್ಣು ಮುಚ್ಚಿ, ಕಬ್ಬಿನ ಸಾರಾಯಿಯ ಲೋಟ ಒಂದು ಸುತ್ತು ಬಂದು, ಜನ ಬೇಯಿಸಿದ ಮೆಕ್ಕೆಜೋಳ ತಿನ್ನಲು ಮನೆಯ ಕಡೆ ಹೊರಟರು.

"ಬನ್ನಿ ಭಾವ."

"ನೀನ್ ನಡಿ. ಬರ್ತೀನಿ."

ಬಿದಿರಿನೊಳಗಿನಿಂದ ಒಂದು ಉದ್ದನೆಯ ಸ್ವರ ಎದ್ದು, ನಡುಗುತ್ತ ಕೆಳಗಿಳಿಯಿತು. ಸ್ಪೀಕರಿನಲ್ಲಿ ಕೇಳಿದ ಆ ಒಂದು ದಿನ ಬಿಟ್ಟರೆ, ಅದನ್ನು ಅವನು ಕೇಳಿದ್ದು ಅವಳ ಬಾಯಲ್ಲಿ ಮಾತ್ರ. ಸ್ವಲ್ಪ ಹೊತ್ತಿಗೆ ಹಕ್ಕಿಯೇ ಹೊರಗೆ ಕುಪ್ಪಳಿಸಿ ಬಂದು, ಹೊಸದಾಗಿ ಅಗೆದ ಮಣ್ಣಿನ ಗುಡ್ಡೆ ಹತ್ತಿ ಹುಳು ಹೆಕ್ಕತೊಡಗಿತು. ಅದೇ ಕಂದು ಬಣ್ಣ, ಅದೇ ಮೋಟು ಬಾಲ.

ಎಲಾದಿಯೋ ಒಣಗಿದ ತುಟಿಯನ್ನು ಒದ್ದೆ ಮಾಡಿಕೊಂಡು, ಮನೆಯ ತಿರುವಿನಲ್ಲಿ ಹಾಕುತ್ತಿದ್ದ ಹಾಗೆ ಎರಡು ಗಿಡ್ಡ ಸಿಳ್ಳೆ ಹಾಕಿದ.

ಹಕ್ಕಿ ತಲೆ ಎತ್ತಲಿಲ್ಲ.

ಅವನು ಟೋಪಿ ತೆಗೆದು, ಇನ್ನೂ ಹತ್ತಿರ ಹೋಗಿ ಮಂಡಿಯೂರಿ, ಮತ್ತೆ ಸಿಳ್ಳೆ ಹಾಕಿದ.