ಪಕ್ಕದ ಸೀಟು

ನಮ್ಮಪ್ಪನ ಹತ್ತಿರ ಎರಡು ಸ್ಪೋರ್ಟ್ಸ್ ಕಾರುಗಳಿದ್ದವು. ಎರಡಕ್ಕೂ ಎರಡೆರಡೇ ಸೀಟು. ಹಳೆಯದು ಅಮ್ಮ ಇದ್ದಾಗಿನದು: ದುಂಡು ದೀಪ, ಮರದ ಸ್ಟಿಯರಿಂಗ್, ತಲೆಯ ಮೇಲೆ ಚಾವಣಿಯೇ ಇಲ್ಲ. ಇನ್ನೊಂದು ಅದಕ್ಕಿಂತ ಮೂವತ್ತು ವರ್ಷ ಈಚೆಗೆ ತಯಾರಾದದ್ದು, ಅಮ್ಮ ತೀರಿಕೊಂಡು, ಅಪ್ಪನ ಎರಡನೇ ಹೆಂಡತಿಯಾಗಿ ಚಿಕ್ಕಮ್ಮ ಬಂದ ಮೇಲೆ ಕೊಂಡದ್ದು: ನೆಲಕ್ಕೆ ಅಂಟಿದ ಚಪ್ಪಟೆ ಮೈ, ಗುಂಡಿ ಒತ್ತಿದರೆ ಕಣ್ಣು ಬಿಡುವ ದೀಪ. ಅದರಲ್ಲಿ ಅಮ್ಮ ಕೂತರು, ಇದರಲ್ಲಿ ಚಿಕ್ಕಮ್ಮ ಕೂತರು. ನಾನು ಗೇಟು ತೆಗೆದೆ, ಗೇಟು ಹಾಕಿದೆ. ಬಾಲ್ಯವೆಲ್ಲ ಅದೇ ಕೆಲಸ.

ನಾನು ಕಾರಿನ ಸೀಟು ಹೊಲಿಯುವವಳಾದದ್ದೂ ಆ ಹೊಟ್ಟೆಕಿಚ್ಚಿಗೇ ಇರಬೇಕು. ಚಿಕ್ಕಮ್ಮನೂ ತೀರಿಕೊಂಡ ಮೇಲೆ ಒಂದು ಕಾರು ಮಾರಲು ಹೊರಟಾಗ ಅಪ್ಪನಿಗೆ ನನ್ನ ನೆನಪಾಯಿತು. ಪಕ್ಕದ ಸೀಟುಗಳೆರಡೂ ಹರಿದಿದ್ದವಲ್ಲ!

"ನೀನೇ ಹೊಲಿದುಕೊಡು. ಆಮೇಲೆ ಎರಡರಲ್ಲೂ ಒಂದೊಂದು ಸುತ್ತು ಹೋಗಿ ಬರೋಣ. ಯಾವ್ದು ಮೇಲು ಅಂತ ನೀನೇ ಹೇಳ್ಬೇಕು. ಅದನ್ನ ಇಟ್ಕೊಂಡು ಇನ್ನೊಂದನ್ನ ಕೊಟ್ಬಿಡ್ತೀನಿ."

ನಲವತ್ತೇಳು ವರ್ಷದ ಹೆಂಗಸು ನಾನು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತಿಗೆ ಜೀವ ಕುಣಿದುಬಿಟ್ಟಿತು.

ಹಳೆಯ ಸೀಟಿನೊಳಗೆ ಸ್ಪ್ರಿಂಗು, ಅದರ ಮೇಲೆ ಕುದುರೆ ಕೂದಲು. ತಿರುವು ಬಂದರೆ ಕೂತವರು ಜಾರಿ ಓಡಿಸುವವರ ಮೇಲೇ ಬೀಳಬೇಕು. ಈಚಿನದರಲ್ಲಿ ಫೋಮು, ಎರಡೂ ಬದಿಗೆ ದಪ್ಪ ದಿಂಬು. ಯಾರಿಗೂ ಯಾರೂ ತಾಗುವುದಿಲ್ಲ. ಅಪ್ಪನ ಎರಡು ಸಂಸಾರಗಳೂ ಹಾಗೇ ಇದ್ದವು. ಹಲ್ಲು ಕಚ್ಚಿ ಹೊಲಿದೆ.

ಹೊಸ ಚರ್ಮ ಹದವಾಗಿ ಕೂರಲೆಂದು ಸೀಟಿನ ಮೇಲೆ ಮರಳಿನ ಮೂಟೆ ಇಡುವುದು ನನ್ನ ರೂಢಿ. ಹೊರಡುವ ದಿನ ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ಅಮ್ಮನ ಹಾಗೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದೆ. ಹಳೆಯ ಕಾರಿನ ಸೀಟಿನಿಂದ ಮೂಟೆ ಎತ್ತಲು ಬಗ್ಗಿದೆ.

"ಇರ್ಲಿ, ತೆಗೀಬೇಡ," ಎಂದರು ಅಪ್ಪ. "ನಾಳೆ ಕೊಳ್ಳೋರು ಬರ್ತಾರೆ. ನೀನು ಕೂತ್ರೆ ಕದಲ್ತೀಯ, ಚರ್ಮಕ್ಕೆ ಗೀರು ಬೀಳುತ್ತೆ. ಮೂಟೆ ಆದ್ರೆ ಸುಮ್ನಿರುತ್ತೆ. ತೂಕಾನೂ ಹೆಚ್ಚುಕಮ್ಮಿ ನಿನ್ನಷ್ಟೇ."

ಹೋಗಿ ಗೇಟು ತೆಗೆದೆ. ರಸ್ತೆಯ ತಿರುವಿನಲ್ಲಿ ಮೂಟೆ ಜಾರದಿರಲೆಂದು ಅಪ್ಪ ಒಂದು ಕೈ ಅಡ್ಡ ಹಿಡಿದದ್ದು ನನಗೆ ಗೇಟಿನ ಹತ್ತಿರದಿಂದಲೇ ಕಂಡಿತು. ಇಷ್ಟು ವರ್ಷಗಳಲ್ಲಿ ಆ ಕೈ ನನಗಾಗಿ ಒಮ್ಮೆಯೂ ಚಾಚಿರಲಿಲ್ಲ.

ಅವರು ವಾಪಸ್ಸು ಬಂದಾಗ ಮೂಟೆ ಇಳಿಸಿ ಇನ್ನೊಂದು ಕಾರಿಗೆ ಹತ್ತಿಸಿದವಳೂ ನಾನೇ. ಅಪ್ಪ ಅದಕ್ಕೆ ಬೆಲ್ಟ್ ಹಾಕಿದರು, ಎರಡು ಸಲ ಎಳೆದು ನೋಡಿದರು, ಹೋಗಿ ಬಂದರು.

"ಸರಿ, ಈಗ ಹೇಳು. ಯಾವ್ದು ಮೇಲು?"

"ಮೂಟೇನ ಕೇಳಿ."

ಅಪ್ಪ ತಮಾಷೆಯೆಂದುಕೊಂಡು ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ, "ಗೇಟು ಹಾಕ್ಬಿಡಮ್ಮ," ಎಂದರು.

ಹಾಕಿದೆ, ಈ ಸಲ ಹೊರಗಿನಿಂದ.