ಹದಿನಾಲ್ಕನೆಯ ಮನೆ

ಆಸ್ಪತ್ರೆಯ ಗಾಡಿಯಿಂದ ಬೀರದೇವನ ಹೆಣವನ್ನು ಇಳಿಸಲು ಬಾಗಿದ್ದ ಇಬ್ಬರು ಹಾಗೆಯೇ ನಿಂತರು. ಬಾಡಿಗೆ ಖೋಲಿಯ ಮಾಲಕಿ ಬಾಗಿಲಿಗೆ ಅಡ್ಡ ಬಂದಿದ್ದಳು.

“ತಪ್ಪ ತಿಳಕೋಬ್ಯಾಡ್ರಿ,” ಅಂದಳು. “ಸೊಸಿ ತುಂಬಿದ ಬಸರಿ ಅದಾಳ. ಒಳಗ ತರಬ್ಯಾಡ್ರಿ.”

“ಅಂಗಳದಾಗರ ಕುಂದ್ರಸ್ತೀವ್ರಿ ಅಕ್ಕಾರ,” ಎಂದ ಭರಮು, ಬೀರದೇವನ ಅಣ್ಣ.

“ಅಂಗಳಾ ಮನೀದಲ್ಲೇನ್ರಿ?”

ಗಾಡಿಯೊಳಗೆ ಸುಜಾತಾ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವಳಿಗೆ ಆಶ್ಚರ್ಯವಾಗಲಿಲ್ಲ. ಮದುವೆಯಾದ ಆರು ವರ್ಷದಲ್ಲಿ ಇದು ಅವರ ಐದನೆಯ ಖೋಲಿ. ಮೂರುಗಾಲಿ ಗಾಡಿ ಓಣಿಗೆ ಅಡ್ಡವಾಗುತ್ತದೆ, ಬಚ್ಚಲಿನಲ್ಲಿ ಹಿಡಿಕೆ ಬಡಿದರೆ ಗೋಡೆ ಕೆಡುತ್ತದೆ, ಬೆಳಗ್ಗೆ ಎದ್ದು ಕುಂಟನ ಮುಖ ನೋಡಿದರೆ ವ್ಯಾಪಾರ ಆಗುವುದಿಲ್ಲ. ಪ್ರತಿ ಮಾಲಕರಿಗೂ ಒಂದು ಕಾರಣ ಇರುತ್ತಿತ್ತು. ಈಕೆಯ ಕಾರಣ ಅವಕ್ಕಿಂತ ಒಳ್ಳೆಯದೇ.

“ಏನ ನಿಂತೀರೋ? ಮೈ ಬಿಗಿಯಾಕತ್ತೈತಿ,” ಎಂದಳು ಬೀರದೇವನ ತಾಯಿ ಸಾವಿತ್ರೆವ್ವ. “ಒಮ್ಮಿ ಬಿಗೀತಂದ್ರ ಕುಂದ್ರಸಾಕ ಬರೂದಿಲ್ಲ.”

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಪೂಜೆ, ಕೂರಿಸಿಯೇ ಮಣ್ಣು.

ಆಗ ಬೈಕು ನಿಲ್ಲಿಸಿ ಲಗಮಪ್ಪ ಬಂದ. ಪಂಚಾಯ್ತಿಯ ಮೆಂಬರು. ಒಂದು ಕ್ಷಣ ಎಲ್ಲವನ್ನೂ ನೋಡಿ, “ಸ್ವಂತ ಮನಿ ಇದ್ದಾವಂಗ ಮಂದಿ ಅಂಗಳ ಯಾಕೋ? ನಡೀರಿ, ಹೊಸ ಮನೀಗಿ,” ಎಂದ.

“ಅದರ ಕೊನೀ ಫೋಟೋ ಆಗಿಲ್ಲಲ್ರಿ. ನಮ್ಮ ಕೈಯಾಗ ಇನ್ನೂ ಕೀಲಿ ಕೊಟ್ಟಿಲ್ಲ,” ಎಂದ ಭರಮು.

ಲಗಮಪ್ಪ ಅಂಗಿಯ ಕಿಸೆಯಿಂದ ಕೀಲಿ ತೆಗೆದು ಎತ್ತಿ ಹಿಡಿದ. “ನಾ ಅದೀನಲಾ.”

ಓಣಿಯಲ್ಲಿ ನಿಂತವರು ಅವನನ್ನು ಹೊಗಳಿದರು. ಇಂಥ ಹೊತ್ತಿನಲ್ಲಿ ಮನುಷ್ಯ ಅಂದರೆ ಹೀಗಿರಬೇಕು ಎಂದರು. ಸುಜಾತಾ ಕೀಲಿಯನ್ನೇ ನೋಡಿದಳು. ಅದು ಮತ್ತೆ ಅವನ ಕಿಸೆಗೆ ಹೋಯಿತು.

*

ಕರೋಶಿಯ ಊರ ಹೊರಗೆ ಹದಿನಾಲ್ಕು ಮನೆಗಳು ಒಂದೇ ಸಾಲಿನಲ್ಲಿದ್ದವು. ಒಂದಕ್ಕೂ ಮೆಟ್ಟಿಲಿಲ್ಲ. ಎಲ್ಲ ಬಾಗಿಲಿಗೂ ಇಳಿಜಾರಿನ ಹಾದಿ. ಬೀರದೇವ ಏಳು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಅಂಗವಿಕಲರಿಗೆ ತಂದ ಮನೆಗಳು. ಹದಿಮೂರರಲ್ಲಿ ಜನ ವಾಸಕ್ಕೆ ಬಂದಿದ್ದರು. ಕೊನೆಯದು ಅವನದು. ಬಣ್ಣ ಆಗಿತ್ತು, ಬಾಗಿಲು ಕೂತಿತ್ತು. ಮನೆಯ ಮುಂದೆ ಅವನನ್ನು ಕೂರಿಸಿ ಪಂಚಾಯ್ತಿಯವರು ಕೊನೆಯ ಫೋಟೊ ತೆಗೆಯಬೇಕಾದ ದಿನ ಅವನು ಜ್ವರದಲ್ಲಿ ಚಿಕ್ಕೋಡಿಯ ಆಸ್ಪತ್ರೆ ಸೇರಿದ್ದ. ಐದನೆಯ ದಿನ ಬೆಳಗಿನ ಜಾವ ತೀರಿಕೊಂಡ.

ಈಗ ಆ ಮನೆಯ ಬಾಗಿಲ ಮುಂದೆ ಅವನನ್ನು ಪ್ಲಾಸ್ಟಿಕ್ ಖುರ್ಚಿಯಲ್ಲಿ ಕೂರಿಸಿ, ಎದೆಗೆ ಧೋತರದ ತುಂಡು ಸುತ್ತಿ ಖುರ್ಚಿಯ ಬೆನ್ನಿಗೆ ಕಟ್ಟಿದ್ದರು. ಜನ ಬರತೊಡಗಿದರು. ಕೆಲವರು ಗಾಲಿಗಳ ಮೇಲೆ, ಕೆಲವರು ಊರುಗೋಲಿನ ಮೇಲೆ, ಇಬ್ಬರು ನೆಲದ ಮೇಲೆ ಕೈಯೂರಿ ಸರಿಯುತ್ತ.

“ಕುಣಿ ಸಣ್ಣದ ಸಾಕೇನ್ರಿ? ಕಾಲ ಇಷ್ಟ ಅದಾವು,” ಎಂದು ಸಲಿಕೆ ಹಿಡಿದವನೊಬ್ಬ ಕೇಳಿದ.

“ದೊಡ್ಡದ ತಗಿಯೋ ಮಾರಾಯಾ,” ಎಂದ ಮೂರನೆಯ ಮನೆಯ ಮಾಯಪ್ಪ, ಊರುಗೋಲನ್ನು ಗೋಡೆಗೆ ಒರಗಿಸುತ್ತ. “ಸಣ್ಣದಾದ್ರ ಎದ್ದ ಬಂದ ಅರ್ಜಿ ಕೊಡತಾನ.”

ನಗು ಬಂತು. ಮಾಯಪ್ಪನೂ ನಕ್ಕ, ಆಮೇಲೆ ಟವೆಲಿನಿಂದ ಕಣ್ಣೊರೆಸಿಕೊಂಡ. “ಈ ಇಳಿಜಾರ ನಾಕ ಸಲ ಒಡಸಿ ಕಟ್ಟಿಸಿದಾ. ಲಗಮಪ್ಪಾರ, ಇದ ಮನೀಗಿ ಹೋಗೂ ಹಾದೀನೋ ಜಾರಬಂಡೀನೋ ಅಂತ ತುಂಬಿದ ಮಂದ್ಯಾಗ ಕೇಳಿದ್ದಾ.”

“ಲಗಮಪ್ಪನ ಮಾರಿ ಆವಾಗ ನೋಡಬೇಕಿತ್ತ,” ಎಂದಳು ಅವನ ಹೆಂಡತಿ.

“ಈಗ ನೋಡಲಾ. ಒಡಹುಟ್ಟಿದಾವ ಹ್ವಾದಂಗ ಓಡ್ಯಾಡಾಕತ್ತಾನ.”

“ಸುಮ್ನ ಇರ್ರಿ. ಇಲ್ಲೇ ಅದಾನ.”

ಖುರ್ಚಿಯ ಪಕ್ಕದಲ್ಲಿ ಮಾಳು ಕುಳಿತಿದ್ದ. ಹುಟ್ಟು ಕುರುಡ, ಬೀರದೇವನ ಬಾಲ್ಯದ ಗೆಳೆಯ. ಒಂದು ಕೈಯಿಂದ ಖುರ್ಚಿಯ ಕಾಲು ಹಿಡಿದುಕೊಂಡು ಕುರಿ ಕಾಯುವವರ ಹಳೆಯ ಹಾಡೊಂದನ್ನು ಸಣ್ಣ ದನಿಯಲ್ಲಿ ಹಾಡುತ್ತಿದ್ದ. ಬಂದ ಹೆಂಗಸರು ಮೊದಲು ಹೆಣವನ್ನು ನೋಡುತ್ತಿದ್ದರು, ಆಮೇಲೆ ಅವನನ್ನು.

“ಪಾಪ, ಗೆಳ್ಯಾ ಹ್ವಾದ.”

“ಗೆಳ್ಯಾ ಹ್ವಾದ, ಮನಿ ಬಂತ.”

ಸುಜಾತಾ ಕೇಳಿಸಿಕೊಂಡಳು. ಅದು ಎಲ್ಲರಿಗೂ ಗೊತ್ತಿದ್ದ ಮಾತು. ಕೊನೆಯ ಫೋಟೊ ಆಗುವ ಮೊದಲು ಯಜಮಾನ ಸತ್ತರೆ ಮನೆ ಪಟ್ಟಿಯಲ್ಲಿರುವ ಮುಂದಿನ ಅಂಗವಿಕಲನಿಗೆ ಹೋಗುತ್ತದೆ. ಸುಜಾತಾಳ ಕೈಕಾಲು ನೆಟ್ಟಗಿದ್ದವು. ಪಟ್ಟಿಯ ಹದಿನೈದನೆಯ ಹೆಸರು ಮಾಳುವಿನದು. ಅವನು ಪರರ ದನದ ಕೊಟ್ಟಿಗೆಯ ಮೂಲೆಯಲ್ಲಿ ಮಲಗುತ್ತಿದ್ದ. ಅವನ ಹೆಂಡತಿ ಮಗಳನ್ನು ಕರೆದುಕೊಂಡು ಅಂಕಲಿಯ ತವರಿಗೆ ಹೋಗಿ ಎರಡು ವರ್ಷವಾಗಿತ್ತು. ಮನೆ ಅಂತ ಒಂದು ಆದ ದಿನ ಬರುತ್ತೇನೆ ಎಂದಿದ್ದಳು.

*

ಅರ್ಜಿಗಳೆಲ್ಲ ಸುಜಾತಾಳ ಕೈಬರಹ. ಧಾರವಾಡದಲ್ಲಿ ಎಂ.ಎ. ಓದಿದವಳು. ಬೀರದೇವನನ್ನು ಮದುವೆಯಾದ ದಿನ ಕೊಗನೊಳ್ಳಿಯ ಅಪ್ಪ, ಇನ್ನು ಈ ಕಡೆ ಬರಬೇಡ ಎಂದಿದ್ದ. ಅವಳು ಹೋಗಿರಲಿಲ್ಲ.

ಮೂರು ವರ್ಷದ ಹಿಂದೆ, ಅರ್ಜಿ ಕೊಡುವ ಮಧ್ಯಾಹ್ನ, ಕಚೇರಿಯ ಹೊರಗಿನ ಬೇವಿನ ಮರದ ಕೆಳಗೆ ಅವಳು ಬರೆಯುತ್ತ ಕುಳಿತಿದ್ದಳು. ಹದಿಮೂರು ಮುಗಿದಿದ್ದವು.

“ಎರಡ ಉಳದಾವು,” ಎಂದ ಬೀರದೇವ. “ಮಾಳೂಂದ ಮದ್ಲ ಬರಿ. ನಮ್ದ ಆಮ್ಯಾಲ.” ಗಾಡಿ ತಿರುಗಿಸಿಕೊಂಡು ಝೆರಾಕ್ಸ್ ಮಾಡಿಸಲು ಹೋದ.

ಅವಳು ಬಿಳಿ ಹಾಳೆ ತೆಗೆದುಕೊಂಡು ಗಂಡನ ಹೆಸರು ಬರೆದಳು. ಯೋಚಿಸಿ ಬರೆದದ್ದೇ. ಒಳಗೆ ಗುಮಾಸ್ತ ಬರೆದ ಸರದಿಯಲ್ಲೇ ಒಂದೊಂದಾಗಿ ತೆಗೆದು ಶಿಕ್ಕಾ ಹೊಡೆದು ನಂಬರಿನ ಚೀಟಿ ಕೊಟ್ಟ.

ಹೊರಗೆ ಬಂದ ಮೇಲೆ ಬೀರದೇವ ಕೊನೆಯ ಎರಡು ಚೀಟಿಗಳನ್ನು ಓದಿದ. ಅವಳ ಕಡೆ ನೋಡಲಿಲ್ಲ. ಒಂದನ್ನು ಹೊರಗೆ ಕಾಯುತ್ತಿದ್ದ ಮಾಳುವಿನ ಕೈಯಲ್ಲಿಟ್ಟ.

“ನಿಂದು ಹದಿನೈದು.”

“ನಿಂದು?”

“ಹದಿನಾಕು.”

“ಬಾಜೂಕಿನ ಮನೀನ ಆತಲ್ಲೋ!” ಎಂದು ಮಾಳು ನಕ್ಕ. “ಗ್ವಾಡಿ ಬಡದ್ರ ಚಾ ಕೊಡಬೇಕ ನೋಡ.”

ಬೀರದೇವ ಎರಡು ದಿನ ಅವಳೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, “ಇರ್ಲಿ. ಎಲ್ಲಾ ಬರತಾವು,” ಎಂದ. ಮಂಜೂರಾದದ್ದು ಹದಿನಾಲ್ಕು.

*

ಹನ್ನೊಂದು ಗಂಟೆಗೆ ಮೈ ತೊಳೆಯಲು ಮನೆಯ ಕಡೆ ಬಿಟ್ಟು ಖುರ್ಚಿಯ ಸುತ್ತ ಸೀರೆ ಅಡ್ಡ ಕಟ್ಟಿದರು. ಲಗಮಪ್ಪನೇ ಗಂಡಸರನ್ನೆಲ್ಲ ಚಹಾಕ್ಕೆ ಕಳಿಸಿದ. ಮಾಳುವನ್ನು ಪಕ್ಕದ ಮನೆಯ ಕಟ್ಟೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಅಲ್ಲಿಂದ ಅವನ ಹಾಡು ಕೇಳುತ್ತಿತ್ತು.

ನೀರು ಹಾಕಿ, ಹೊಸ ಧೋತರ ಉಡಿಸಿ, ಹಾರ ಹಾಕಿ ಹೆಂಗಸರು ಹೊರಗೆ ಹೋದರು. ಸಾವಿತ್ರೆವ್ವ ಮತ್ತು ಸುಜಾತಾ ಉಳಿದರು. ಆಗ ಸೀರೆ ಸರಿಸಿ ಲಗಮಪ್ಪ ಒಳಗೆ ಬಂದ. ಅವನ ಹಿಂದೆ ಸಮಾಧಾನ ಎಂಬವನು, ಪಂಚಾಯ್ತಿಯ ಕಂಪ್ಯೂಟರ್ ಆಪರೇಟರು. ಕೈಯಲ್ಲಿ ಫೋನಿತ್ತು.

“ತಂಗಿ, ಮಾತ ಕೇಳ,” ಎಂದ ಲಗಮಪ್ಪ. “ಫೋಟೋ ಹಾಕಾಕ ಇವತ್ತ ಸಂಜೀತನಕ ಅಷ್ಟ ಟೈಮ್ ಐತಿ. ಪಂಚಾಯ್ತಿ ಪುಸ್ತಕದಾಗ ಬೀರದೇವ ಇನ್ನೂ ಸತ್ತಿಲ್ಲ. ಒಂದ ಫೋಟೋ ಆತಂದ್ರ ಮನಿ ಅವನ ಹೆಸರಿಗಿ ಪಕ್ಕಾ, ಅವನ ಹಿಂದ ನಿನಗ. ಆಗಲಿಲ್ಲಂದ್ರ...” ಹಾಡು ಬರುತ್ತಿದ್ದ ಕಡೆಗೆ ಗದ್ದ ಎತ್ತಿ ತೋರಿಸಿದ.

“ಅವರ ಎದ್ದಿದ್ರ ಒಪ್ಪತಿದ್ದಿಲ್ರಿ.”

“ಎದ್ದಿಲ್ಲಲಾ.”

ಸಾವಿತ್ರೆವ್ವ ಸೊಸೆಯ ಕೈ ಹಿಡಿದಳು. “ಹೂಂ ಅನ್ನ ಯವ್ವಾ. ಭರಮೂನ ಒಂದ ಖೋಲ್ಯಾಗ ನಾವ ಆರ ಮಂದಿ. ನಿನ್ನ ಎಲ್ಲಿ ಇಡ್ಲಿ ನಾ?”

“ಕೀಲಿ?” ಎಂದು ಕೇಳಿದಳು ಸುಜಾತಾ.

“ನನ್ನ ಕಡೆನ ಇರ್ಲಿ,” ಎಂದ ಲಗಮಪ್ಪ. ದನಿ ಮೆತ್ತಗಾಯಿತು. “ಒಬ್ಬಾಕಿ ಇರಾಕಿ ನೀ. ಊರ ಹೊರಗ. ನಾ ಬಂದ ತಗದ ಕೊಡತೀನಿ, ನಾನ ಹಾಕ್ಕೊಂಡ ಹೋಗತೀನಿ.”

ಸಮಾಧಾನ ನೆಲ ನೋಡಿದ. ಸಾವಿತ್ರೆವ್ವನಿಗೆ ಕೇಳಿಸಿತೋ ಇಲ್ಲವೋ, ಅವಳು ಸೊಸೆಯ ಕೈ ಬಿಡಲಿಲ್ಲ.

ಸುಜಾತಾ ಹೂಂ ಅನ್ನಲಿಲ್ಲ. ಬೇಡ ಅನ್ನಲೂ ಇಲ್ಲ.

*

“ದಿನಕ್ಕೆ ಎಷ್ಟು ನೀರು ಕುಡೀತಾರೆ ಇವರು?” ಎಂದು ಡಾಕ್ಟರು ಮೊದಲ ದಿನ ಕೇಳಿದ್ದರು. ಬೀರದೇವನ ಎರಡೂ ಮೂತ್ರಪಿಂಡಗಳಲ್ಲಿ ಕೀವಾಗಿತ್ತು.

ಸುಜಾತಾಳಿಗೆ ಉತ್ತರ ಗೊತ್ತಿತ್ತು. ಹೊರಗೆ ಹೋಗುವ ದಿನ ಅವನು ನೀರು ಕುಡಿಯುತ್ತಿರಲಿಲ್ಲ. ನಿಪ್ಪಾಣಿ, ರಾಯಬಾಗ, ಅಥಣಿ, ಯಾವ ಕಚೇರಿಗೆ ಹೋದರೂ ಗಾಡಿ ಒಳಗೆ ಹೋಗುವಂಥ ಪಾಯಖಾನೆ ಇರಲಿಲ್ಲ. ನೆಲದ ಮೇಲೆ ಕೈಯೂರಿ ಒಳಗೆ ಸರಿಯಲು ಅವನು ಒಪ್ಪುತ್ತಿರಲಿಲ್ಲ. ಅವಳು ತುಂಬಿಸಿ ಕೊಟ್ಟ ಬಾಟಲಿ ಸಂಜೆ ತುಂಬಿಯೇ ಮನೆಗೆ ಬರುತ್ತಿತ್ತು. ವಾರದಲ್ಲಿ ಐದು ದಿನ, ಆರು ವರ್ಷ.

“ಕುಡೀತಾರ್ರಿ,” ಎಂದಿದ್ದಳು ಡಾಕ್ಟರಿಗೆ. “ಮನ್ಯಾಗ ಇದ್ದಾಗ ಕುಡೀತಾರ.”

*

ಹಾರ ತೆಗೆದರು. ಗದ್ದಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಬಾಯಿ ಬೀಳಲಿಲ್ಲ, ಆಗಲೇ ಬಿಗಿದಿತ್ತು. ಎದೆಯ ಕಟ್ಟು ಕಾಣದಂತೆ ಭುಜದ ಮೇಲಿಂದ ಟವೆಲು ಇಳಿಬಿಟ್ಟರು.

“ಸಾಹೇಬ್ರ, ನನ್ನ ನೌಕರಿ ಹೋಗತೈತ್ರಿ,” ಎಂದ ಸಮಾಧಾನ.

“ನೌಕರಿ ಕೊಡಿಸಿದಾವ ಯಾರಲೇ?”

ಸಮಾಧಾನ ಫೋನು ಎತ್ತಿದ. ಪರದೆಯಲ್ಲಿ ಬಾಗಿಲು, ಇಳಿಜಾರು, ಬೀರದೇವನ ಮುಖ, ಮುಖದ ಸುತ್ತ ಒಂದು ಕೆಂಪು ವೃತ್ತ.

“ಕಣ್ಣ ತೆರೀಬೇಕಂತ್ರಿ.”

ಯಾರೂ ಅಲುಗಲಿಲ್ಲ. ಕೊನೆಗೆ ಸುಜಾತಾ ಖುರ್ಚಿಯ ಹಿಂದೆ ಹೋಗಿ ನಿಂತು, ಮೇಲಿನಿಂದ ಬಾಗಿ, ಎರಡು ಹೆಬ್ಬೆರಳುಗಳಿಂದ ರೆಪ್ಪೆ ಎತ್ತಿದಳು. ಚರ್ಮ ತಣ್ಣಗಿತ್ತು, ನಿನ್ನೆಯ ರೊಟ್ಟಿಯ ಹಾಗೆ ಬಿರುಸು.

“ಈಗ ಮಿಟಕಸಬೇಕ್ರಿ. ಮನಶ್ಯಾ ಜೀವಂತ ಅದಾನಂತ ಅದಕ್ಕ ಗೊತ್ತಾಗಬೇಕಲ್ರಿ.”

ಅವಳು ರೆಪ್ಪೆ ಇಳಿಸಿದಳು, ಎತ್ತಿದಳು.

“ಬೆರಳ ಕಾಣಾಕತ್ತಾವ್ರಿ. ಹಣೀ ಕಡಿಂದ ಎಳೀರಿ.”

ಇಳಿಸಿದಳು, ಎತ್ತಿದಳು. ಸಾವಿತ್ರೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಲಗಮಪ್ಪ ಪರದೆಯನ್ನೇ ನೋಡುತ್ತ ಸಮಾಧಾನನ ಭುಜದ ಮೇಲೆ ಕೈಯಿಟ್ಟಿದ್ದ. ನಾಲ್ಕನೆಯ ಸಲ ವೃತ್ತ ಹಸಿರಾಯಿತು. ಟಿಂಗ್ ಎಂದಿತು ಫೋನು.

“ಆತ,” ಎಂದ ಲಗಮಪ್ಪ.

ಆಗ ಸುಜಾತಾಳ ಗಮನಕ್ಕೆ ಬಂತು, ಪಕ್ಕದ ಕಟ್ಟೆಯಿಂದ ಹಾಡು ಕೇಳುತ್ತಿಲ್ಲ. ಯಾವಾಗ ನಿಂತಿತೋ ತಿಳಿಯಲಿಲ್ಲ.

ಅವಳು ಕಣ್ಣು ಮುಚ್ಚಿಸಲು ಹೋದಳು. ಎಡಗಣ್ಣು ಮುಚ್ಚಿತು. ಬಲಗಣ್ಣಿನ ರೆಪ್ಪೆ ಬೆರಳು ತೆಗೆದೊಡನೆ ನಿಧಾನವಾಗಿ ಮೇಲೆ ಸರಿಯಿತು. ಒತ್ತಿ ಹಿಡಿದಳು. ಬಿಟ್ಟಳು. ಸರಿಯಿತು.

“ಬಿಡ ಅದನ್ನ. ಹಾರ ಹಾಕ್ರಿ, ಭಂಡಾರ ಹಚ್ಚರಿ. ಯಾರ ನೋಡತಾರ,” ಎಂದು ಲಗಮಪ್ಪ ಸೀರೆಯ ಗಂಟು ಬಿಚ್ಚಿದ.

ಜನ ಮತ್ತೆ ನೆರೆದರು. ಹೊತ್ತೊಯ್ಯುವ ಮೊದಲು ಕೊನೆಯ ಮುಖ ನೋಡುವುದಕ್ಕೆ ಒಬ್ಬೊಬ್ಬರಾಗಿ ಬಂದು ಹಣೆಗೆ ಅರಿಶಿನದ ಭಂಡಾರ ಹಚ್ಚಿ ಸರಿದರು. ಕೆಲವರು ಕಣ್ಣನ್ನು ಕಂಡರು, ಕಂಡು ಬೇರೆ ಕಡೆ ನೋಡಿದರು. ಸತ್ತವರ ಕಣ್ಣು ಹಾಗಾಗುವುದುಂಟು.

“ನಂಗೂ ನೋಡಾಕ ಬಿಡ್ರಿ,” ಎಂದ ಮಾಳು.

ಹಾದಿ ಬಿಟ್ಟರು. ಅವನು ಕೋಲನ್ನು ಕೆಳಗಿಟ್ಟು ಮೊಣಕಾಲೂರಿದ. ಕೈಗಳು ಮೊದಲು ಆ ಸಣ್ಣ ಕಾಲುಗಳನ್ನು ಮುಟ್ಟಿದವು. ಆಮೇಲೆ ಎದೆ, ಗದ್ದದ ಐದು ದಿನದ ಗಡ್ಡ, ಮೂಗು. ಎಡಗಣ್ಣಿನ ಮೇಲೆ ಬೆರಳಾಡಿತು. ಬಲಗಣ್ಣಿಗೆ ಬಂದು ನಿಂತಿತು. ಮತ್ತೆ ಎಡಕ್ಕೆ ಹೋಗಿ ಬಲಕ್ಕೆ ಬಂತು.

“ವೈನಿ.”

ಅವನ ಮುಖ ಸುಜಾತಾ ನಿಂತ ಕಡೆಗೆ ಸರಿಯಾಗಿ ತಿರುಗಿರಲಿಲ್ಲ.

“ಒಂದ ಕಣ್ಣ ತೆರದೈತಿ,” ಎಂದ. “ಯಾರನ್ನ ನೋಡಾಕತ್ತಾನ ಇವಾ?”

ಖುರ್ಚಿಯ ಎದುರಿಗಿದ್ದ ಸಮಾಧಾನ ಮೊದಲು ಪಕ್ಕಕ್ಕೆ ಸರಿದ. ಮಾಯಪ್ಪ ಊರುಗೋಲು ಎಳೆದುಕೊಂಡು ಸರಿದ. ಅವನ ಹೆಂಡತಿ, ಭರಮು, ಕಿಸೆಯಲ್ಲಿ ಕೈಯಿಟ್ಟುಕೊಂಡ ಲಗಮಪ್ಪ, ಸೆರಗು ಬಾಯಿಗಿಟ್ಟುಕೊಂಡ ಸಾವಿತ್ರೆವ್ವ, ಎಲ್ಲರೂ ಆ ಕಣ್ಣಿನ ನೇರದಿಂದ ಸರಿದರು. ನಡುವೆ ಮೈ ತೊಳೆದ ನೀರಿನ ಹಸಿ ನೆಲ ಉಳಿಯಿತು, ಅದರ ಆ ತುದಿಗೆ ಸುಜಾತಾ.

ಅವಳೂ ಸರಿಯಲು ನೋಡಿದಳು. ಎರಡೂ ಕಡೆ ಜನ ಒತ್ತಾಗಿ ನಿಂತಿದ್ದರು.