ಮಲ್ಲಕ್ಕ ಆರಾಮ್ ಅದಾಳ

ಸುಭಾಷನ ದನಿ ದೊಡ್ಡದು. ಪಾಪ, ಅದು ಅವನೊಬ್ಬನ ತಪ್ಪಲ್ಲ. ಜೋಗೇಶ್ವರಿಯ ಒಂದು ಗಲ್ಲಿಯಲ್ಲಿ ಅವನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಲೇಥ್ ಮಶೀನುಗಳು ಕಿರುಚುತ್ತವೆ, ಅವುಗಳ ಮೇಲೆ ತನ್ನ ಮಾತು ಕೇಳಿಸಬೇಕೆಂದರೆ ಅವನೂ ಕಿರುಚಬೇಕು. ವರ್ಷಗಟ್ಟಲೆ ಹೀಗೆ ಕಿರುಚಿದ್ದರಿಂದ ಈಗ ಊಟಕ್ಕೆ ಕೂತು ಉಪ್ಪು ಕೇಳಿದರೂ ಮೇಲಿನ ಮಹಡಿಯವರು ಏನಾಯಿತೋ ಎಂದು ಕಿಟಕಿಯಿಂದ ಬಗ್ಗಿ ನೋಡುತ್ತಾರೆ. ಅಂಥ ದನಿಯನ್ನು ಹೊತ್ತುಕೊಂಡು ಅವನು ಅವತ್ತು ಗೋರೆಗಾಂವಿನ ಒಂದು ಆಸ್ಪತ್ರೆಯ ಕ್ಯಾಜುವಲ್ಟಿಗೆ ಬಂದಿದ್ದ. ಜೊತೆಗೆ ಅವನ ತಾಯಿ ಮಲ್ಲಕ್ಕ ಇದ್ದಳು.

ಮಲ್ಲಕ್ಕನಿಗೆ ಎಂಬತ್ತರ ಹತ್ತಿರ. ಬೆಳಿಗ್ಗೆ ಎಂದಿನಂತೆ ರೊಟ್ಟಿ ಬಡಿಯುತ್ತ ಕೂತವಳು ನಡುವೆ ಗೋಡೆಗೆ ಒರಗಿದ್ದಳು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಬಂದಾಗ ಸೊಸೆ ರಂಜನಾ ಓಡಿಬಂದು ನೋಡಿದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಕೈಯಲ್ಲಿ ರೊಟ್ಟಿ ಸೀದದ್ದನ್ನು ಅವಳು ಕಂಡವಳೇ ಅಲ್ಲ. ಹಾಗಾಗಿ ಒಂದು ಮಾತೂ ಕೇಳದೆ ಒಲೆ ಆರಿಸಿ ಗಂಡನಿಗೆ ಫೋನ್ ಮಾಡಿದಳು. ಸುಭಾಷ ಬಂದ, ತಾಯಿಯ ಹಣೆಯ ಬೆವರು ನೋಡಿದ, ಕೂಗಾಡಿದ. ರಿಕ್ಷಾದವನು ಮೀಟರ್ ಹಾಕಲು ತಡ ಮಾಡಿದ್ದಕ್ಕೆ ಅವನ ಮೇಲೂ ಕೂಗಾಡಿದ. ದಾರಿಯುದ್ದಕ್ಕೂ ಮಲ್ಲಕ್ಕ, "ಏನೂ ಆಗಿಲ್ಲೊ, ವಾಯು ಹಿಡದೈತಿ, ಓಮಕಾಳು ತಿಂದ್ರ ಹೋಗತೈತಿ" ಎನ್ನುತ್ತಲೇ ಬಂದಳು.

ಕ್ಯಾಜುವಲ್ಟಿಯಲ್ಲಿ ರೋಗಿಯ ಜೊತೆ ಒಬ್ಬರೇ ಇರಬೇಕು. ರಂಜನಾ ಹೊರಗಿನ ಬೆಂಚಿನ ಮೇಲೆ ಚೀಲ ಹಿಡಿದು ಕೂತಳು. ಒಳಗೆ ಮಂಚ ಸಿಕ್ಕಿತು, ಇಸಿಜಿ ತೆಗೆದರು, ರಕ್ತ ತೆಗೆದುಕೊಂಡು ಹೋದರು. ಆಮೇಲೆ ಡಾಕ್ಟರ್ ಸೋನಾಲಿ ಬಂದಳು. ಇನ್ನೂ ಚಿಕ್ಕ ಹುಡುಗಿ, ನಿದ್ದೆಗೆಟ್ಟ ಕಣ್ಣು, ಕೂದಲಿಗೆ ಸಿಕ್ಕಿಸಿದ ಪೆನ್ನು ಮರೆತು ಇನ್ನೊಂದು ಪೆನ್ನು ಹುಡುಕುತ್ತಿದ್ದಳು. ಇಸಿಜಿಯಲ್ಲಿ ಸದ್ಯಕ್ಕೆ ದೊಡ್ಡದೇನೂ ಕಾಣುತ್ತಿಲ್ಲ, ರಕ್ತದ ರಿಪೋರ್ಟ್ ಬರಲಿ ಎಂದು ಹೇಳಿ ಅವಳು ಮಲ್ಲಕ್ಕನ ಕಡೆ ಬಗ್ಗಿದಳು.

"ಆಜಿ, ಅಬ್ ಕೈಸಾ ಲಗ್ ರಹಾ ಹೈ?"

ಮಲ್ಲಕ್ಕ ಎದ್ದು ಕೂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮನೆಗೆ ಬಂದ ಬೀಗರಿಗೆ ಉತ್ತರಿಸುವಂತೆ ನಕ್ಕು, "ಏಕದಮ್ ಆರಾಮ್ ಹೈ, ಬೇಟಾ. ತುಮ್ ಖಾನಾ ಖಾಯಾ?" ಎಂದು ಅವಳ ಊಟವನ್ನೇ ವಿಚಾರಿಸಿದಳು.

ಮಲ್ಲಕ್ಕನ ಊರಾದ ಸಿಂದಗಿ ಕಡೆಯ ಮಂದಿಯ ವಿಚಾರ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಅಲ್ಲಿ ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ, ಆರಾಮ್ ಅದೀನ್ರಿ. ಕಾಲು ಮುರಿದು ಹಾಸಿಗೆ ಹಿಡಿದಿದ್ದರೂ ಮೊದಲು ಆರಾಮ್ ಎನ್ನಬೇಕು. ಚಹಾ ಬರಬೇಕು, ಮಳೆ ಬೆಳೆಯ ಮಾತಾಗಬೇಕು, ಕೇಳಿದವರು ಮತ್ತೆ ಮತ್ತೆ ಒತ್ತಾಯ ಮಾಡಬೇಕು, ಆಮೇಲೆ ಬೇಕಾದರೆ ಕಾಲಿನ ವಿಷಯ ತೆಗೆಯಬಹುದು. ಕೇಳಿದ ಕೂಡಲೇ ನೋವು ಹೇಳಿಕೊಳ್ಳುವವರನ್ನು, ಬಡಿಸುವ ಮೊದಲೇ ತಟ್ಟೆಗೆ ಕೈಹಾಕುವವರನ್ನು ನೋಡುವ ಹಾಗೆ ನೋಡುತ್ತಾರೆ. ಡಾಕ್ಟರ್ ಸೋನಾಲಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅವಳು ಕೇಳಿದ್ದು ಒಂದೇ ಸಲ. ಆರಾಮ್ ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದಳು.

ಸುಭಾಷ ಅವಳ ಹಿಂದೆಯೇ ಹೋದ. ಇಷ್ಟು ಬೆವರಿದವರನ್ನು ಹೀಗೆ ಬಿಟ್ಟು ಹೋಗುವುದೇ ಎಂದು ಕೇಳಿದ. ಅವನ ಕೇಳುವಿಕೆಗೆ ಅಲ್ಲಿ ಮಲಗಿದ್ದವರಲ್ಲಿ ನಿದ್ದೆ ಹೋದವರೆಲ್ಲ ಎದ್ದರು. ಬಾಗಿಲಲ್ಲಿದ್ದ ವಾಚ್‌ಮನ್ ಒಳಗೆ ಬಂದು, ಅವನ ತಲೆಯ ಮೇಲೆಯೇ ನೇತಾಡುತ್ತಿದ್ದ 'ಶಾಂತತಾ ರಾಖಾ' ಫಲಕದ ಕಡೆ ಬೆರಳು ತೋರಿಸಿದ. ಸುಭಾಷ ಆ ಫಲಕದ ಮೇಲೂ ರೇಗಿದ.

"ಆಪ್ಕಿ ಮದರ್ ಖುದ್ ಬೋಲ್ ರಹೀ ಹೈ ಠೀಕ್ ಹೈ," ಎಂದಳು ಡಾಕ್ಟರ್, ತಾಳ್ಮೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು.

ಎರಡನೆಯ ಸಲ ಬಂದಾಗ ಅವಳು ಮಲ್ಲಕ್ಕನ ಕೈಹಿಡಿದು ಇನ್ನಷ್ಟು ಮೃದುವಾಗಿಯೇ ಕೇಳಿದಳು. ಮಲ್ಲಕ್ಕ ಪಕ್ಕದ ಮಂಚದ ಮೇಲೆ ಬೈಕಿನಿಂದ ಬಿದ್ದು ನರಳುತ್ತಿದ್ದ ಯುವಕನನ್ನು ತೋರಿಸಿ, "ಪಹಿಲೆ ಉಸ್‌ಕೊ ದೇಖೋ ಬೇಟಾ, ಬೇಚಾರಾ ಸುಬಹ್ ಸೆ ರೋ ರಹಾ ಹೈ" ಎಂದು ಮೊದಲು ಅವನನ್ನೇ ನೋಡಲು ಹೇಳಿದಳು. ಯುವಕನ ಅಕ್ಕ ಬಂದು ಮಲ್ಲಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಎಂಥ ದೊಡ್ಡ ಮನಸ್ಸು, ಇಂಥ ತಾಯಿಗೆ ಎಂಥ ಮಗ ಎಂಬಂತೆ ಎಲ್ಲರೂ ಸುಭಾಷನ ಕಡೆ ನೋಡಿದರು.

"ಅವ್ವ, ಡಾಕ್ಟರ್ ಮುಂದ ಖರೇ ಹೇಳಬೇಕವ್ವ. ಅದು ಬೀಗರ ಮನಿ ಅಲ್ಲ."

"ಖರೇನ ಹೇಳೀನಿ. ಆರಾಮ್ ಅದೀನಿ. ನೀ ಒದರಬ್ಯಾಡ, ಮಂದಿ ನೋಡಾಕತ್ತಾರ."

"ಒದರದ ಏನ್ ಮಾಡ್ಲಿ? ಯಾರಾರ ನಿನ್ನ ನೋಡಾಕತ್ತಾರೇನ?"

"ನೋಡವಲ್ರಾಕ. ಕುಂಡ್ರು, ನೀರ ಕುಡಿ."

ಸುಭಾಷ ಕೂರಲಿಲ್ಲ. ಮಂಚದ ಕಾಲ ಕಡೆ ನಿಂತಿದ್ದ ಅವನಿಗೆ ಚಾದರದಿಂದ ಹೊರಗೆ ಬಂದಿದ್ದ ತಾಯಿಯ ಪಾದಗಳು ಕಾಣುತ್ತಿದ್ದವು. ಒಂದು ಪಾದ ಇನ್ನೊಂದನ್ನು ಬಿಡದೆ ಉಜ್ಜುತ್ತಿತ್ತು. ಮುಖ ಆರಾಮ್ ಎನ್ನುತ್ತಿತ್ತು, ಪಾದ ಸುಮ್ಮನಿರುತ್ತಿರಲಿಲ್ಲ. ಹಿಂದೆ ಹಲ್ಲು ನೋವಾದಾಗ, ಕೈ ಸುಟ್ಟುಕೊಂಡಾಗ ಅವಳು ಹೀಗೆಯೇ ಮಾಡಿದ್ದಳು. ಅವನ ತಂದೆ ಬಸವಂತಪ್ಪನೂ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು, ಆರಾಮ್ ಅದೀನಿ, ಸ್ವಲ್ಪ ಅಡ್ಡಾಗತೀನಿ ಎಂದು ಮಲಗಿದವನು ಮತ್ತೆ ಏಳಲೇ ಇಲ್ಲ. ಅವ್ವ ಹೋಗಿಬಿಡುತ್ತಾಳೆ, ಎಲ್ಲರಿಗೂ ಆರಾಮ್ ಎಂದು ಹೇಳುತ್ತ ಹೇಳುತ್ತ ಎಲ್ಲರ ಎದುರಿಗೇ ಹೋಗಿಬಿಡುತ್ತಾಳೆ. ಹಾಗೆ ಅನ್ನಿಸಿದ್ದೇ ತಡ, ಅವನು ಹೋಗಿ ರಿಪೋರ್ಟ್ ಯಾಕೆ ಬಂದಿಲ್ಲವೆಂದು ಸಿಸ್ಟರ್ ಮೇಲೆ ಕೂಗಾಡಿ ಬಂದ.

ಆಗ ಅವನ ಜೇಬಿನಲ್ಲಿ ಮಲ್ಲಕ್ಕನ ಫೋನು ಹೊಡೆದುಕೊಂಡಿತು. ಸಿಂದಗಿಯಿಂದ ಗಂಗುಬಾಯಿ.

ಗಂಗುಬಾಯಿ ಮಲ್ಲಕ್ಕನ ತಂಗಿ. ದಿನಾ ಮಧ್ಯಾಹ್ನ ಊಟವಾದ ಮೇಲೆ ಅಕ್ಕತಂಗಿಯರು ಫೋನಿನಲ್ಲಿ ಮಾತಾಡಬೇಕು, ಮಾತಾಡುವುದು ಬೇನೆಗಳನ್ನೇ. ಜಗತ್ತಿಗೆಲ್ಲ ಆರಾಮ್ ಎನ್ನುವ ಈ ಇಬ್ಬರು ಮುದುಕಿಯರು ಒಬ್ಬರಿಗೊಬ್ಬರು ಮಾತ್ರ ಬಿಡುತ್ತಿರಲಿಲ್ಲ. ಅಕ್ಕನಿಗೆ ಒಂದು ಮೊಣಕಾಲು ನೋಯುತ್ತಿದ್ದರೆ ತಂಗಿಗೆ ಎರಡೂ. ತಂಗಿಗೆ ರಾತ್ರಿ ನಿದ್ದೆ ಬರದಿದ್ದರೆ ಅಕ್ಕ ನಿದ್ದೆಯ ಮುಖ ನೋಡಿ ವಾರವಾಗಿರುತ್ತಿತ್ತು. ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ಸುಭಾಷ ಎಷ್ಟೋ ಸಲ ಗೊಣಗಿದ್ದ. ಈಗಲೂ ಫೋನ್ ಕಟ್ ಮಾಡಲು ಹೆಬ್ಬೆರಳು ಇಟ್ಟವನು ಹಾಗೆಯೇ ನಿಂತ. ನಿಂತು, ಓಡಿ ಹೋಗಿ ಡಾಕ್ಟರ್ ಸೋನಾಲಿಯನ್ನು ಪರದೆಯ ಹಿಂದೆ ಕರೆತಂದ.

"ಮೇಡಂ, ಕೈ ಮುಗೀತೀನಿ," ಎಂದವನು ಅವಳಿಗೆ ಕನ್ನಡ ಬಾರದೆಂದು ನೆನಪಾಗಿ ಹಿಂದಿಗೆ ತಿರುಗಿದ. ಒಂದೆರಡು ನಿಮಿಷ ಸುಮ್ಮನೆ ಇಲ್ಲಿ ನಿಲ್ಲಿ, ನನ್ನ ತಾಯಿ ಈಗ ಮಾತಾಡುತ್ತಾಳೆ, ನಾನು ನಿಮಗೆ ಹಿಂದಿಯಲ್ಲಿ ಹೇಳುತ್ತೇನೆ ಎಂದು ಪಿಸುಗುಟ್ಟಿದ. ಅವನ ಪಿಸುಮಾತು ಬೈಕಿನ ಯುವಕನಿಗೂ ಕೇಳಿಸಿತು. ಆಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ತಾಯಿಯ ದಿಂಬಿನ ಮೇಲಿಟ್ಟು ತಾನೂ ಪರದೆಯ ಹಿಂದೆ ಸರಿದ.

"ಯಕ್ಕಾ, ಎಲ್ಲಿದ್ದಿ? ನನಗ ಮುಂಜಾನಿಂದ ತಲಿ ಸಿಡ್ಯಾಕತ್ತೈತಿ ನೋಡು. ಎದಿನೂ ಒಂಥರಾ ಆಗಾಕತ್ತೈತಿ."

ತಂಗಿ ಎದೆಗೂ ಕೈಹಾಕಿದ್ದನ್ನು ಮಲ್ಲಕ್ಕನಿಗೆ ಸಹಿಸಲಾಗಲಿಲ್ಲ.

"ನಿಂದೇನ ಎದಿ ಬಿಡು, ಗಂಗೂ. ನಂದು ಕೇಳು. ನಸಿಕಿನ್ಯಾಗ ಎದ್ದಾಗಿಂದ ಎದಿ ಮ್ಯಾಲ ಬೀಸೂಕಲ್ಲ ಇಟ್ಟಂಗ ಆಗೇತಿ."

ಸುಭಾಷ ಅದನ್ನು ಹಿಂದಿಗೆ ತಿರುಗಿಸಿದ. ಡಾಕ್ಟರ್ ಸೋನಾಲಿಯ ಪೆನ್ನು ನಿಂತಿತು.

"ನನಗೂ ಹ್ವಾದ ವರ್ಷ ಹಂಗ ಆಗಿತ್ತವಾ. ಕೈಗಿ ಬಂದಿತ್ತು," ಎಂದಳು ಗಂಗುಬಾಯಿ, ಬಿಟ್ಟುಕೊಡದೆ.

"ಕೈಗಷ್ಟ? ನಂದು ಎಡಗೈ ಪೂರಾ ಜೋಮ ಹಿಡದೈತಿ. ದವಡಿ ತನಕ ಏರೈತಿ. ಒಂದ ಸಲ ವಾಂತಿನೂ ಆತು. ರಂಜನಾಗ ತಿಳೀಬಾರದಂತ ನಾನ ಮೋರಿಗಿ ನೀರ ಹಾಕಿ ತೊಳದೀನಿ. ಬೆವರಂತೂ ಕೇಳಬ್ಯಾಡ, ಕುಪ್ಪಸ ಹಿಂಡೂವಂಗ ಆಗಿತ್ತು."

ಎಡಗೈ, ದವಡೆ, ವಾಂತಿ, ಬೆವರು. ಸುಭಾಷ ಒಂದೊಂದನ್ನೂ ಹೇಳುತ್ತಿದ್ದಂತೆ ಡಾಕ್ಟರ್ ಸೋನಾಲಿ ಇಸಿಜಿ ಮಶೀನನ್ನು ಮತ್ತೆ ತರಲು ಸಿಸ್ಟರ್‌ಗೆ ಕೈಸನ್ನೆ ಮಾಡಿಯಾಗಿತ್ತು. ಫೋನಿನಲ್ಲಿ ಗಂಗುಬಾಯಿ ಸೋಲೊಪ್ಪಿಕೊಂಡ ದನಿಯಲ್ಲಿ ಕೇಳಿದಳು:

"ಇಷ್ಟ ಆದ್ರೂ ಸುಭಾಷಗ ಯಾಕ ಹೇಳಿಲ್ಲ, ಯಕ್ಕಾ?"

"ಅವಗ ಹೆಂಗ ಹೇಳ್ಲಿ, ಗಂಗೂ? ಅಂವ ಅಂಜಿದ್ರ ಒದರತಾನ. ಸಣ್ಣಾಂವ ಇದ್ದಾಗಿಂದ ಹಂಗ. ಮಂದಿ ಅವಗ ಸಿಟ್ಟಿನಾಂವ ಅಂತಾರ, ಸಿಟ್ಟಲ್ಲ ಅದು. ಅವರಪ್ಪ ಹ್ವಾದಾಗ ಓಣಿ ಮಂದಿ ಮ್ಯಾಲೆಲ್ಲ ಹೆಂಗ ಒದರಿದ್ದ, ನೀನೂ ನೋಡೀದಿಯಲ್ಲ. ಮುಂಜಾನಿಂದ ಇಲ್ಲಿನೂ ಹಂಗ ನಡಸ್ಯಾನ. ನಾನೂ ನೂಸತೈತಿ ಅಂದ್ರ ಕೂಸು ಇನ್ನಷ್ಟ ಅಂಜತೈತಿ."

ಪರದೆಯ ಈಚೆಗೆ ಅನುವಾದ ನಿಂತುಹೋಯಿತು.

"ಕ್ಯಾ ಬೋಲೀ?" ಎಂದು ಕೇಳಿದಳು ಡಾಕ್ಟರ್ ಸೋನಾಲಿ.

ಐವತ್ತು ದಾಟಿದ, ಹೊಟ್ಟೆ ಬಂದ, ಅರ್ಧ ತಲೆ ಬೋಳಾದ ಆ ಕೂಸು ಮೂಗು ಒರೆಸಿಕೊಂಡಿತು. "ಮೇರೇಕು ಡರ್ ಲಗ್‌ತಾ ಹೈ, ಬೋಲ್‌ತೀ ಹೈ," ಎಂದ. ತನಗೆ ಅಂಜಿಕೆಯಂತೆ ಎಂಬ ಆ ಮಾತು, ಬೆಳಗಿನಿಂದ ಆ ಕ್ಯಾಜುವಲ್ಟಿಯಲ್ಲಿ ಅವನು ಮೆಲ್ಲಗೆ ಆಡಿದ ಮೊದಲ ಮಾತು.

"ಸಬ್‌ಕೋ ಲಗ್‌ತಾ ಹೈ, ಅಂಕಲ್," ಅಂಜಿಕೆ ಎಲ್ಲರಿಗೂ ಆಗುತ್ತದೆ ಎಂದು ಅವಳು ಪರದೆ ಸರಿಸಿ ಒಳಗೆ ಹೋದಳು.

ಎರಡನೆಯ ಇಸಿಜಿಯಲ್ಲಿ ಮೊದಲಿನದರಲ್ಲಿ ಇಲ್ಲದ್ದು ಕಂಡಿತು. ಆಮೇಲೆ ಯಾರೂ ಯಾರನ್ನೂ ಹೇಗಿದ್ದೀರಿ ಎಂದು ಕೇಳಲಿಲ್ಲ. ದೊಡ್ಡ ಡಾಕ್ಟರು ಬಂದರು, ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಈಗಲೇ ತೆರೆಯಬೇಕು ಎಂದರು, ಮಂಚದ ಗಾಲಿಗಳು ಓಡಿದವು. ಲಿಫ್ಟಿನೊಳಗೆ ಹೋಗುವಾಗಲೂ ಮಲ್ಲಕ್ಕ, ಬೈಕಿನ ಯುವಕನನ್ನು ಯಾರಾದರೂ ನೋಡಿದರೋ ಇಲ್ಲವೋ ಎಂದು ಕೇಳುತ್ತಿದ್ದಳು.

ಸುಭಾಷ ರಂಜನಾಳ ಪಕ್ಕ ಬೆಂಚಿನ ಮೇಲೆ ಕೂತ. ಕೈಯಲ್ಲಿದ್ದ ಫೋನಿನಿಂದ ಇರುವೆಯಷ್ಟು ಸಣ್ಣ ದನಿಯಲ್ಲಿ ಗಂಗುಬಾಯಿ ಇನ್ನೂ ಹಲೋ ಹಲೋ ಎನ್ನುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಆಕೆ ಅತ್ತಳು, ಕಲ್ಲಪ್ಪ ಬಸಪ್ಪ ಎಂದು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತಳು, ಕೊನೆಗೆ, "ನೀ ಹೆಂಗದೀಪಾ?" ಎಂದಳು.

"ಆರಾಮ್ ಅದೀನಿ, ಚಿಗವ್ವ," ಎಂದುಬಿಟ್ಟ ಸುಭಾಷ. ರಂಜನಾ ತಿರುಗಿ ಅವನ ಮುಖ ನೋಡಿದಳು. ಕರವಸ್ತ್ರ ಕೊಟ್ಟಳು.

ಸಂಜೆ ಐಸಿಯು ಒಳಗೆ ಅವನೊಬ್ಬನನ್ನೇ ಬಿಟ್ಟರು. ಮಲ್ಲಕ್ಕ ವೈರುಗಳ ನಡುವೆ ಪುಟ್ಟದಾಗಿ ಮಲಗಿದ್ದಳು.

"ಹೆಂಗದಿ, ಅವ್ವ?"

"ಆರಾಮ್ ಅದೀನಿ. ನೀ?"

ಅದೇ ಉತ್ತರ ಸುಭಾಷನ ನಾಲಿಗೆಯ ತುದಿಗೂ ಬಂದಿತ್ತು. ಅದನ್ನು ನುಂಗಿಕೊಂಡ. "ಭಾಳ ಅಂಜಿಕಿ ಬಂದಿತ್ತವ್ವ," ಎಂದ. "ಇನ್ನೂ ಹೋಗಿಲ್ಲ."

ತಂದೆ ಸತ್ತ ದಿನವೂ ಅವನು ಈ ಮಾತು ಹೇಳಿರಲಿಲ್ಲ. ಮಲ್ಲಕ್ಕ ಸೂಜಿಯಿಲ್ಲದ ಕೈಯಿಂದ ಅವನ ಬೆರಳು ಹಿಡಿದುಕೊಂಡಳು.

"ಹಂಗಾರ ನಾನೂ ಹೇಳತೀನಿ," ಎಂದಳು. "ಈ ಕೈ ಮಣಿಕಟ್ಟಿನ್ಯಾಗ, ನಳಗಿ ಹಾಕಿದಲ್ಲೆ, ನೂಸಾಕತ್ತೈತಿ."

ಚಹಾ ಬಂದಿರಲಿಲ್ಲ, ಮಳೆ ಬೆಳೆಯ ಮಾತಾಗಿರಲಿಲ್ಲ, ಅವ್ವ ತಾನಾಗಿಯೇ ಹೇಳಿದ್ದಳು. ಸುಭಾಷ ರೂಢಿಯಂತೆ ಕೂಗಲು ಬಾಯಿ ತೆರೆದ. ಅವನು ಉಸಿರೆಳೆದುಕೊಂಡು, ಮಶೀನಿನ ಟಿಕ್ ಟಿಕ್ ಸದ್ದಿಗಿಂತ ಸಣ್ಣದಾಗಿ, "ಸಿಸ್ಟರ್, ಜರಾ ಇಧರ್ ದೇಖೇಂಗೇ?" ಎಂದ. ಸಿಸ್ಟರ್ ಕೂಡಲೇ ಬಂದಳು. ಪಟ್ಟಿ ಸಡಿಲಿಸಿದಳು. ಮಲ್ಲಕ್ಕನ ಹಣೆಯ ಗೆರೆ ಮೆಲ್ಲಗೆ ಬಿಚ್ಚಿಕೊಂಡಿತು. ಚಾದರದ ತುದಿಯಲ್ಲಿ ಪಾದಗಳು ಸುಮ್ಮನೆ ಮಲಗಿದ್ದವು.

"ಎದಿಯಾಗ ಏನೋ ಹಾಕ್ಯಾರಂತಲ್ಲ," ಎಂದಳು ಸ್ವಲ್ಪ ಹೊತ್ತಿನ ಮೇಲೆ.

"ಸ್ಟೆಂಟ್ ಅಂತಾರವ್ವ. ಸ್ಪ್ರಿಂಗ್ ಇದ್ದಂಗ."

"ಎಷ್ಟ ಹಾಕ್ಯಾರ?"

"ಒಂದ."

"ಒಂದನ?" ಮಲ್ಲಕ್ಕನ ಮುಖ ಸಪ್ಪಗಾಯಿತು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ಗಂಗುಗ ಎರಡ ಅಂತ ಹೇಳು."

ಸುಭಾಷ ಹೊರಗೆ ಬಂದು ಸಿಂದಗಿಗೆ ಫೋನ್ ಹಚ್ಚಿದ. ಎರಡು ಹಾಕಿದ್ದಾರೆ ಚಿಗವ್ವ ಎಂದ. "ಎರಡ?" ಎಂದ ಗಂಗುಬಾಯಿ ಆಮೇಲೆ ತನ್ನ ತಲೆಯ ಮಾತನ್ನೂ ಎದೆಯ ಮಾತನ್ನೂ ತೆಗೆಯಲಿಲ್ಲ. ಗಾಜಿನ ಬಾಗಿಲಿನೊಳಗಿಂದ ಮಲ್ಲಕ್ಕ ದಿಂಬಿನಿಂದ ತಲೆಯೆತ್ತಿ ಇವನನ್ನೇ ನೋಡುತ್ತಿದ್ದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ತಲೆಯನ್ನು ದಿಂಬಿಗೆ ಇಟ್ಟು, ಸಿಸ್ಟರ್ ಬಂದು ಹೇಗಿದ್ದೀರಿ ಎಂದು ಕೇಳುವಷ್ಟರಲ್ಲಿ, ಗೊರಕೆ ಹೊಡೆಯುತ್ತಿದ್ದಳು.